ಹನ್ನೊಂದು ಜನಕ್ಕೆ ಎಷ್ಟು ಜಿಬಿ?

“ಹನ್ನೊಂದು ಜನಕ್ಕೆ ಎಷ್ಟು ಜಿಬಿ ಬೇಕಾಗುತ್ತೆ ಮರಿ?” ಎಂದು ಕೇಳಿದರು ನಮ್ಮ ಸೋದರಮಾವ. ಅಂಗಡಿಯ ಮೆಟ್ಟಿಲನ್ನು ಇನ್ನೂ ಪೂರ್ತಿ ಹತ್ತಿರಲಿಲ್ಲ. ಹನ್ನೊಂದು ಜನಕ್ಕೆ ಎಷ್ಟು ಪಾವು ಅಕ್ಕಿ ಹಾಕಲಿ ಎನ್ನುವ ಧಾಟಿಯಲ್ಲೇ ಕೇಳಿದ್ದರಿಂದ ನಾನೂ ಅದೇ ಧಾಟಿಯಲ್ಲಿ, “ತಿನ್ನೋರು ಯಾರು ಅನ್ನೋದರ ಮೇಲೆ ಹೋಗುತ್ತೆ ಮಾವ,” ಎಂದೆ. ಎದುರಿಗೆ ಕೂತಿದ್ದ ಗಿರಾಕಿ ನಕ್ಕ. ಮಾವ ನಗಲಿಲ್ಲ. ಬಟ್ಟೆಯ ಚೀಲದಿಂದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ನಿದ್ದೆಹೋದ ಮಗುವನ್ನು ಇಳಿಸುವಂತೆ ನನ್ನ ಮೇಜಿನ ಮೇಲೆ ಇಳಿಸಿದರು.

ನಾನು ಲ್ಯಾಪ್‌ಟಾಪ್ ರಿಪೇರಿಯವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಕೈ ಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಅಗಲದ ಅಂಗಡಿ ನನ್ನದು. ಬೆನ್ನ ಹಿಂದೆ ಜನ ನನ್ನನ್ನು ಸಿಡುಕಿ ಅನ್ನುತ್ತಾರೆಂದು ಗೊತ್ತಿದೆ. ಅನ್ನಲಿ. ಬೆಳಗಾದರೆ ಒಬ್ಬರಲ್ಲ ಒಬ್ಬರು ಬಂದು, “ಫೋಟೋ ಜಾಸ್ತಿ ಆಗಿದೆ, ಮೆಮೊರಿ ಹಾಕಿ” ಅನ್ನುತ್ತಾರೆ. ಫೋಟೋ ಇಡುವ ಜಾಗವೇ ಬೇರೆ, ಮೆಮೊರಿಯೇ ಬೇರೆ ಎಂದು ಹೇಳಿ ಹೇಳಿ ನನಗೆ ಬಾಯಿ ನೋವು. ಉಗ್ರಾಣ ಬೇರೆ, ಒಲೆಕಟ್ಟೆ ಬೇರೆ. ಉಗ್ರಾಣದಲ್ಲಿ ವರ್ಷದ ದಿನಸಿ ತುಂಬಿಡಬಹುದು. ಆದರೆ ಈ ಹೊತ್ತಿನ ಅಡುಗೆಗೆ ಬೇಕಾದದ್ದನ್ನೆಲ್ಲ ಕೈಗೆ ಸಿಗುವಂತೆ ಹರವಿಕೊಳ್ಳುವ ಕಟ್ಟೆ ಇದೆಯಲ್ಲ, ಅದು ಮೆಮೊರಿ. ಕಟ್ಟೆ ಚಿಕ್ಕದಾದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕು, ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ.

ಮಾವನಿಗೆ ಮಾತ್ರ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಅವರ ಗೋಳೇ ಅದು. ಅವರಿಗೆ ಹನ್ನೊಂದು ಜನ ಬೇಕಿದ್ದುದು ಒಟ್ಟಿಗೆ, ಒಂದೇ ಹೊತ್ತಿಗೆ.

ಮಾವ ಬಟ್ಟೆ ಗಿರಣಿಯ ಮಗ್ಗದ ಖಾತೆಯಲ್ಲಿ ಫಿಟ್ಟರ್ ಆಗಿದ್ದವರು. ಮೀಸೆ ಸರಿಯಾಗಿ ಮೂಡುವ ಮೊದಲೇ ಒಳಗೆ ಹೋಗಿ, ತಲೆ ಬೆಳ್ಳಗಾದ ಮೇಲೆ ಹೊರಗೆ ಬಂದವರು. ಮಗ್ಗದ ಸದ್ದಿನ ನಡುವೆ ಮಾತು ಕಲಿತವರಾದ್ದರಿಂದ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. “ಇವರು ನನ್ನ ಕಿವೀಲಿ ಗುಟ್ಟು ಹೇಳಿದ್ರೆ ಪಕ್ಕದ ಬೀದಿಯೋರು ಅಭಿಪ್ರಾಯ ಹೇಳ್ತಾರೆ” ಎಂದು ಅತ್ತೆ, ಅಂದರೆ ಮಾವನ ಹೆಂಡತಿ, ಆಗಾಗ ರೇಗಿಸುತ್ತಾರೆ.

ಆ ಗಿರಣಿಗೆ ಒಂದು ಬ್ಯಾಂಡು ಇತ್ತು. ಹನ್ನೊಂದು ಜನ, ಎಲ್ಲರೂ ಕೆಲಸಗಾರರೇ. ಸ್ಟೋರಿನ ಗುಮಾಸ್ತರು ಬ್ಯಾಂಡ್ ಮಾಸ್ತರು. ಬಣ್ಣದ ಖಾತೆಯ ಅಣ್ಣತಮ್ಮಂದಿರು, ಉಗುರಿನ ನೀಲಿ ಎಂದೂ ಹೋಗದವರು, ಇಬ್ಬರೂ ಕಾರ್ನೆಟ್ ಊದುತ್ತಿದ್ದರು. ತೂಕದ ಮನೆಯ ದಪ್ಪನೆಯ ಮನುಷ್ಯನಿಗೆ ಅವನಷ್ಟೇ ದಪ್ಪದ ದೊಡ್ಡ ತುತ್ತೂರಿ. ದೊಡ್ಡ ಡ್ರಮ್ಮು ಬಾಯ್ಲರಿನವನದು. ಗೇಟಿನ ಕಾವಲುಗಾರ ತಾಳ ಹಾಕುತ್ತಿದ್ದ. ಕ್ಲಾರಿನೆಟ್ ಇದ್ದದ್ದು ಒಂದೇ, ಅದು ಮಾವನ ಕೈಯಲ್ಲಿ. ನಾನು ಚಿಕ್ಕವಳಿದ್ದಾಗ ಗಿರಣಿಯ ಗೋಡೆಯ ಆಚೆಯಿಂದ ಆ ಬ್ಯಾಂಡನ್ನು ಕೇಳಿದ್ದೇನೆ. ಮಾವ ಬೇಜಾರು ಮಾಡಿಕೊಂಡರೂ ಸರಿ, ಇದ್ದದ್ದನ್ನು ಹೇಳುತ್ತೇನೆ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿತ್ತು.

ಆದರೂ ಆ ಊರಿನಲ್ಲಿ ಅದಕ್ಕಿದ್ದ ಗೌರವ ಯಾವ ದೊಡ್ಡ ಸಂಗೀತಗಾರನಿಗೂ ಇರಲಿಲ್ಲ. ಯಾಕೆಂದರೆ ಬ್ಯಾಂಡಿನ ಕೆಲಸ ಒಂದೇ. ಯಾರು ನಿವೃತ್ತರಾದರೂ, ಅವರು ಮ್ಯಾನೇಜರಾಗಿರಲಿ ಕಸ ಗುಡಿಸುವವಳಾಗಿರಲಿ, ಕೊನೆಯ ದಿನ ಅವರನ್ನು ಅವರ ಖಾತೆಯ ಬಾಗಿಲಿನಿಂದ ಗಿರಣಿಯ ದೊಡ್ಡ ಗೇಟಿನವರೆಗೆ ನುಡಿಸಿಕೊಂಡು ಹೋಗಿ ಬಿಟ್ಟುಬರುವುದು. ಹೊರಟವರು ಮುಂದೆ, ಒಬ್ಬರೇ. ಹಿಂದೆ ಬ್ಯಾಂಡು. ಗೇಟಿನ ಹತ್ತಿರ ಬಂದಾಗ ಕಾವಲುಗಾರ ತಾಳವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಗೇಟು ತೆಗೆಯುತ್ತಿದ್ದ. ಆಚೆ ಮನೆಯವರು ಕಾದಿರುತ್ತಿದ್ದರು. ಬ್ಯಾಂಡು ಗೇಟು ದಾಟುತ್ತಿರಲಿಲ್ಲ. ಹೊರಟವರು ಮನೆಯವರ ಕೈಗೆ ಸಿಕ್ಕರೆಂದರೆ ಇವರು ತಿರುಗಿ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು. ‘ಅವರಿಗೆ ಬ್ಯಾಂಡಾಯ್ತು’ ಎಂದರೆ ಊರಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಹುಡುಗರು ಕೆಲಸಕ್ಕೆ ಸೇರಿದ ದಿನವೇ “ನಿಂಗೆ ಬ್ಯಾಂಡು ಯಾವಾಗ್ಲೋ?” ಎಂದು ಹಳಬರು ಕಿಚಾಯಿಸುತ್ತಿದ್ದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಸ ಆಡಳಿತ ಬಂತು, ಬ್ಯಾಂಡು ದಂಡದ ಖರ್ಚು ಎಂದಿತು. ವಾದ್ಯಗಳನ್ನು ಸ್ಟೋರಿಗೆ ಹಾಕಿ ಬೀಗ ಜಡಿದರು. ಆಮೇಲೆ ಹಿತ್ತಾಳೆಯ ಲೆಕ್ಕದಲ್ಲಿ ಗುಜರಿಗೆ ಮಾರಿದರು. ಮಾರುವ ಮೊದಲು ತೂಕ ಹಾಕಬೇಕಲ್ಲ, ತೂಕದ ಮನೆಯಲ್ಲಿ ಅವನ್ನು ತಕ್ಕಡಿಗೆ ಏರಿಸಿದವನು ಆ ದೊಡ್ಡ ತುತ್ತೂರಿಯ ಮನುಷ್ಯನೇ. ತನ್ನ ತುತ್ತೂರಿಯನ್ನು ಇಳಿಸಲು ಇನ್ನೊಬ್ಬರನ್ನು ಕರೆದನಂತೆ.

ಮಾವನ ಸರದಿ ಬಂದಾಗ ಗಿರಣಿ ಅರ್ಧ ಕತ್ತಲಾಗಿತ್ತು. ಮಾಸ್ತರು ತೀರಿಕೊಂಡಿದ್ದರು, ಬಣ್ಣದ ಅಣ್ಣತಮ್ಮಂದಿರು ಬೇರೆ ಊರಿಗೆ ಹೋಗಿದ್ದರು. ಉಳಿದವರಲ್ಲಿ ಕೆಲವರು ಇರಲಿಲ್ಲ, ಕೆಲವರು ಇದ್ದೂ ಇರಲಿಲ್ಲ. ಮಾವ ಸ್ಪ್ಯಾನರುಗಳನ್ನು ಒರೆಸಿ ಒಪ್ಪಿಸಿ ಮನೆಗೆ ಬಂದರು. ಅಷ್ಟೇ. ಎಷ್ಟೋ ಜನರನ್ನು ಗೇಟಿನವರೆಗೆ ಬಿಟ್ಟುಬಂದ ಮನುಷ್ಯನನ್ನು ಬಿಟ್ಟುಬರಲು ಯಾರೂ ಇರಲಿಲ್ಲ.

“ಅದು ಮುಂದೆ ನಡೆಯೋರಿಗೆ ಹೆಂಗೆ ಕೇಳ್ಸುತ್ತೆ ಅಂತ ನಂಗೊತ್ತೇ ಇಲ್ಲ ಮರಿ,” ಎಂದು ಮಾವ ಒಮ್ಮೆ ನನಗೆ ಹೇಳಿದ್ದರು. “ನಾನು ಯಾವಾಗ್ಲೂ ಒಳಗಿದ್ದು ಊದಿದೋನು. ಒಂದೇ ಒಂದ್ಸಲ ಬೆನ್ನಿಗೆ ಬಿದ್ದ ಹಾಗೆ ಕೇಳ್ಬೇಕು. ಕೇಳ್ಕೊಂಡು ಆಚೆ ಹೋಗ್ಬೇಕು.” ಹೇಳುವಾಗ ಅವರ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಮುಂದಿನ ಹಲ್ಲು ಹೋದ ಮೇಲೆ ಅವರು ಬೇರೆ ಕ್ಲಾರಿನೆಟ್ಟನ್ನೂ ಊದಲಾರದವರಾಗಿದ್ದರು.

ಯಾರೋ ರಿಪೇರಿಗೆ ಕೊಟ್ಟು ಮರಳಿ ಬಾರದ ಲ್ಯಾಪ್‌ಟಾಪೊಂದು ನನ್ನ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಒರೆಸಿ ಮಾವನಿಗೆ ಕೊಟ್ಟವಳು ನಾನೇ. ಇಸ್ಪೀಟು ಆಡಿಕೊಂಡು, ಹಳೇ ಸಿನಿಮಾ ನೋಡಿಕೊಂಡು ಇರಲಿ ಎಂದು. ಇವರು ಅದರಲ್ಲಿ ಸ್ವರ ಬರೆಯುವ ಒಂದು ಪ್ರೋಗ್ರಾಮನ್ನು ಹುಡುಕಿಕೊಂಡರು. ಯಾವ ವಾದ್ಯ ಬೇಕು ಎಂದು ಆರಿಸಿ ಸ್ವರ ಬರೆದರೆ, ನಿಜವಾದ ವಾದ್ಯದಿಂದ ಹಿಡಿದಿಟ್ಟ ದನಿಯಲ್ಲೇ ಅದು ನುಡಿಸುತ್ತದೆ. ಮಗ್ಗ ಬಿಚ್ಚಿ ಜೋಡಿಸಿದ ಕೈಗೆ ಇದೇನು ಮಹಾ? ಮಧ್ಯಾಹ್ನದ ಹೊತ್ತು ಕೂತು ಕೂತು, ಗೇಟಿಗೆ ಹೋಗುವ ಆ ನಡಿಗೆಯ ಹಾಡನ್ನು ಒಬ್ಬೊಬ್ಬರದಾಗಿ ತಲೆಯಿಂದಲೇ ತೆಗೆದು ಬರೆದರು.

ಒಂದು ದಿನ ಅವರ ಮನೆಗೆ ಹೋದಾಗ ನೋಡಿದೆ, ದೊಡ್ಡ ಡ್ರಮ್ಮಿನ ಎರಡನೇ ಪೆಟ್ಟೆಲ್ಲ ಒಂದು ಕೂದಲಿನಷ್ಟು ತಡ. ಪಾಪ, ತಿಳಿಯದೆ ತಪ್ಪು ಬರೆದಿದ್ದಾರೆ ಎಂದುಕೊಂಡು ತಾಳ ಸರಿಮಾಡುವ ಗುಂಡಿ ಒತ್ತಿದೆ. ಎಲ್ಲ ಪೆಟ್ಟೂ ಸಾಲಾಗಿ ನಿಂತವು. ಮಾವ ಹೌಹಾರಿದರು.

“ಏನ್ಮಾಡ್ದೆ? ವಾಪಸ್ ಮಾಡು!”

“ತಪ್ಪಿತ್ತು ಮಾವ, ಸರಿಮಾಡ್ದೆ.”

“ಬಾಯ್ಲರಿನೋನಿಗೆ ಒಂದು ಕಾಲು ಕುಂಟು ಕಣೇ! ನಡೀತಾ ಹೊಡೆದ್ರೆ ಹಾಗೇ ಬರೋದು. ಅವನ ಕಾಲು ನೆಟ್ಟಗೆ ಮಾಡೋಕೆ ನೀನ್ಯಾರು?”

ನಾನು ಕುಂಟನ್ನು ವಾಪಸ್ ಕೊಟ್ಟೆ.

ತೊಂದರೆಯಿದ್ದುದು ಮೆಮೊರಿಯದು. ಒಂದೊಂದು ವಾದ್ಯದ ದನಿಯೂ ಕಟ್ಟೆಯ ಮೇಲೆ ಅಷ್ಟಷ್ಟು ಜಾಗ ಕೇಳುತ್ತದೆ. ಲ್ಯಾಪ್‌ಟಾಪಿನಲ್ಲಿದ್ದದ್ದು ನಾಲ್ಕು ಜಿಬಿ. ಅದರಲ್ಲಿ ಯಂತ್ರ ತನ್ನ ಪಾಲು ತಿಂದ ಮೇಲೆ ಇಬ್ಬರು ಕೂರಬಹುದಿತ್ತು. ಮೂರನೆಯವರನ್ನು ಕರೆದರೆ ಕರಕರ ಕೆಮ್ಮಿ ನಿಂತುಬಿಡುತ್ತಿತ್ತು. ಮಾವ ತಮ್ಮ ಬ್ಯಾಂಡನ್ನು ಇಬ್ಬಿಬ್ಬರಾಗಿ ಕೇಳುತ್ತಿದ್ದರು. ಈ ಹೊತ್ತು ಅಣ್ಣತಮ್ಮಂದಿರು, ಇನ್ನೊಂದು ಹೊತ್ತು ಡ್ರಮ್ಮೂ ತುತ್ತೂರಿಯೂ. “ಆಸ್ಪತ್ರೇಲಿ ರೋಗೀನ ನೋಡೋಕೆ ಬಿಡ್ತಾರಲ್ಲ, ಹಂಗೆ ಇಬ್ಬಿಬ್ಬರೇ ಬಂದು ಹೋಗ್ತಾರೆ,” ಎಂದು ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಅಂದು ಅಂಗಡಿಗೆ ಬಂದು ಹನ್ನೊಂದು ಜನಕ್ಕೆ ಎಷ್ಟು ಎಂದು ಕೇಳಿದರು. ನಮ್ಮ ಬಳಗದಲ್ಲಿ ನನ್ನ ಅಂಗಡಿಗೆ ಬಂದು ಸಲಹೆ ಕೇಳಿದವರು ಅವರೊಬ್ಬರೇ. ಮಿಕ್ಕವರಿಗೆಲ್ಲ ಹಿತ್ತಲ ಗಿಡ ಮದ್ದಲ್ಲ.

ನಾನು ಹಿಂಬದಿಯ ಸ್ಕ್ರೂ ತೆಗೆದು ತೋರಿಸಿದೆ. ಮೆಮೊರಿ ಪಟ್ಟಿ ಸಿಕ್ಕಿಸಲು ಎರಡು ಜಾಗ. ಒಂದರಲ್ಲಿ ಹಳೇ ನಾಲ್ಕು, ಇನ್ನೊಂದು ಖಾಲಿ.

“ಖಾಲಿ ಇರೋ ಕಡೆ ಎಂಟು ಹಾಕಿದ್ರೆ ಹತ್ತು ಜನ ಆರಾಮಾಗಿ ಕೂರ್ತಾರೆ,” ಎಂದೆ. “ಹನ್ನೊಂದನೆಯವರು ಬಂದ್ರೆ ಮತ್ತೆ ಕೆಮ್ಮು. ಹನ್ನೊಂದು ಬೇಕೇ ಬೇಕು ಅಂದ್ರೆ ಹಳೇ ನಾಲ್ಕನ್ನ ಕಿತ್ತು ಅಲ್ಲೂ ಎಂಟು ಹಾಕ್ಬೇಕು. ಹದಿನಾರು. ಒಬ್ಬರಿಗೋಸ್ಕರ ಅಷ್ಟು ಯಾಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಿ ಮಾವ. ಒಬ್ಬರನ್ನ ಬಿಡಿ.”

“ಯಾರನ್ನ?”

“ತಾಳದವರನ್ನ. ಅವರು ಅಲ್ಲೊಂದು ಇಲ್ಲೊಂದು ಸಲ ಟಣ್ ಅನ್ಸೋದು ತಾನೇ?”

“ಅವನನ್ನ ಬಿಟ್ರೆ ಗೇಟು ತೆಗೆಯೋರ್ಯಾರು?”

“ಹಾಗಾದ್ರೆ ಕಾರ್ನೆಟ್ ಇಬ್ಬರಲ್ಲಿ ಒಬ್ಬರು.”

“ಅಣ್ಣನ್ನ ಕರ್ದು ತಮ್ಮನ್ನ ಬಾಗಿಲಲ್ಲಿ ನಿಲ್ಸು ಅಂತೀಯಾ? ಮುಖ ತೋರ್ಸೋಕಾಗುತ್ತಾ ಅವರಿಗೆ?”

ಮಾಸ್ತರ ಹೆಸರು ಎತ್ತುವ ಧೈರ್ಯ ನನಗೆ ಬರಲಿಲ್ಲ. ಮಾವ ಬೆರಳು ಮಡಿಸುತ್ತಾ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದರು. ಯಾರನ್ನೂ ಬಿಡಲಾಗಲಿಲ್ಲ. ಕೊನೆಯ ಬೆರಳಿಗೆ ಬಂದಾಗ ಏನೋ ಹೊಳೆದವರಂತೆ ತಲೆ ಎತ್ತಿ, “ಅಯ್ಯೋ, ನಾನು…” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಲ್ಯಾಪ್‌ಟಾಪನ್ನು ನನ್ನ ಹತ್ತಿರವೇ ಬಿಟ್ಟು, ಯೋಚನೆ ಮಾಡಿ ಹೇಳುತ್ತೇನೆಂದು ಹೊರಟರು. ಮಾರನೆಯ ದಿನ ಫೋನು ಮಾಡಿ, “ಎಂಟೇ ಹಾಕು ಮರಿ. ಹತ್ತು ಜನ ಸಾಕು. ನನ್ನದು ಬೇಡ,” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಸ್ವಭಾವ ನನಗೆ ಗೊತ್ತಿಲ್ಲವೇ? ಬಸ್ಸಿನಲ್ಲಿ ಎಲ್ಲರಿಗೂ ಜಾಗ ಬಿಟ್ಟುಕೊಟ್ಟು ತಾನು ನೇತಾಡುವ ಜಾತಿ. ತಾಳದವನಿಗೆ ಜಾಗ ಉಂಟು, ಕುಂಟು ಡ್ರಮ್ಮಿಗೆ ಜಾಗ ಉಂಟು, ತಾನು ಇಡೀ ಬದುಕು ಊದಿದ ಕ್ಲಾರಿನೆಟ್ಟಿಗೆ ಮಾತ್ರ ಜಾಗವಿಲ್ಲ! ಇಷ್ಟು ಆಸೆಪಟ್ಟು, ಕೊನೆಗೆ ತನ್ನನ್ನೇ ಬಿಟ್ಟುಬಿಡುವುದು ಎಂಥ ಒಳ್ಳೆತನ? ಅದು ಒಳ್ಳೆತನವಲ್ಲ, ಮೊಂಡುತನ ಎಂದು ಪಕ್ಕದ ಬೀಗದ ಕೈಯವನಿಗೆ ಕೇಳಿಸುವಷ್ಟು ಜೋರಾಗಿ ಗೊಣಗಿದೆ.

ಅದೇ ಹೊತ್ತಿಗೆ ಅತ್ತೆ ಬಂದರು. ಮೊಬೈಲಿನ ಚಾರ್ಜರು ಸಡಿಲವಾಗಿದೆ ಎಂದು ನೆಪ. ಚಾರ್ಜರು ಚೆನ್ನಾಗಿಯೇ ಇತ್ತು. ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟಿದ್ದ ಲ್ಯಾಪ್‌ಟಾಪನ್ನು ನೋಡುತ್ತಾ, “ಇದು ಆಗುತ್ತಾ?” ಎಂದು ಕೇಳಿದರು.

“ಆಗುತ್ತೆ ಅತ್ತೆ. ನಿಮ್ಮ ಯಜಮಾನರು ಆಗೋಕೆ ಬಿಟ್ರೆ.”

“ಬ್ಯಾಂಡು, ಬ್ಯಾಂಡು ಅಂತ ಇವರು ಹಲುಬೋದು ನೋಡಿ ನೀವೆಲ್ಲ ನಗ್ತೀರ. ನಾನೂ ರೇಗಿಸ್ತೀನಿ. ಆದ್ರೆ ಅವತ್ತು ನಾನು ಹೋಗಿದ್ದೆ ಕಣೇ.”

“ಎಲ್ಲಿಗೆ?”

“ಗಿರಣಿಗೆ. ಇವರ ಕೊನೇ ದಿನ.” ಅತ್ತೆ ಚಾರ್ಜರಿನ ದಾರವನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. “ಬ್ಯಾಂಡಿಲ್ಲ ಅಂತ ನಂಗೂ ಗೊತ್ತಿತ್ತು. ಬ್ಯಾಂಡಿಲ್ಲ ಅಂದ್ರೆ ಹೆಂಡತೀನೂ ಇರ್ಬಾರ್ದಾ? ಒಳ್ಳೇ ಬಟ್ಟೆ ಉಟ್ಕೊಂಡು ಹೋಗಿ ದೊಡ್ಡ ಗೇಟಿನ ಎದುರು ನಿಂತೆ. ಸೈರನ್ ಆಯ್ತು. ಒಬ್ಬೊಬ್ಬರೇ ಬಂದ್ರು. ಇವರು ಬರ್ಲೇ ಇಲ್ಲ. ಹೊಸ ಕಾವಲಿನೋನು ಬಂದು ‘ಯಾರು ಬೇಕಮ್ಮ?’ ಅಂತ ಕೇಳ್ದ. ಕತ್ತಲಾದ ಮೇಲೆ ಮನೆಗೆ ಬಂದ್ರೆ, ಬೂಟು ಕೂಡ ಬಿಚ್ಚದೆ ಮಂಚದ ಮೇಲೆ ಕೂತಿದಾರೆ. ಹಿಂದ್ಗಡೆ, ಹತ್ತಿ ಕಸ ಹಾಕೋ ಕಡೆ ಒಂದು ಸಣ್ಣ ಬಾಗಿಲಿದೆಯಲ್ಲ, ಅದರಲ್ಲಿ ಬಂದ್ಬಿಟ್ಟಿದ್ರು. ಸದ್ದಿಲ್ದೆ ದೊಡ್ಡ ಗೇಟು ದಾಟೋಕೆ ಮನಸ್ಸು ಬರ್ಲಿಲ್ವೇನೋ.”

“ನೀವು ಕಾದಿದ್ದು ಮಾವನಿಗೆ ಗೊತ್ತಾ?”

“ಎಲ್ಲಿಗೆ ಹೋಗಿದ್ದೆ ಅಂದ್ರು. ಅಂಗಡಿಗೆ ಅಂದೆ. ಇನ್ನೇನು ಹೇಳ್ಲಿ? ಅವರ ನೋವು ಅವರಿಗೇ ಸಾಕಾಗಿತ್ತು.” ಅತ್ತೆ ಎದ್ದು ನಿಂತರು. “ಎಷ್ಟು ಬೇಕೋ ಅಷ್ಟು ಹಾಕ್ಕೊಡೇ. ಎಲ್ಲಾ ಸರಿಯಾಗಿ ಕೇಳ್ಸ್ಬೇಕು ಅವರಿಗೆ.”

ಅವರು ಹೋದ ಮೇಲೆ ಹಳೇ ನಾಲ್ಕನ್ನು ಕಿತ್ತೆಸೆದು ಎರಡು ಕಡೆಯೂ ಎಂಟೆಂಟು ಹಾಕಿದೆ. ಮಾವ ಬೇಡವೆಂದ ಕ್ಲಾರಿನೆಟ್ಟನ್ನು ಅದರ ಜಾಗದಲ್ಲಿ ಕೂರಿಸಿದೆ. ಅವರು ಬರೆದಿದ್ದ ಸ್ವರ ಹಾಗೆಯೇ ಇತ್ತು. ಹನ್ನೊಂದೂ ಒಟ್ಟಿಗೆ ಏರಿದವು, ಒಂದು ಕೆಮ್ಮೂ ಇಲ್ಲ. ಅಂಗಡಿಯಲ್ಲಿ ನುಡಿಸಿ ನೋಡಲಿಲ್ಲ. ಮೊದಲು ಕೇಳಬೇಕಾದವರು ಮಾವ. ಹದಿನಾರು ಹಾಕಿದ್ದನ್ನು ಅವರಿಗೆ ಹೇಳಲೂ ಇಲ್ಲ. ಕೇಳಿದಾಗ ತಾವೇ ಖುಷಿಪಡುತ್ತಾರೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ರಜೆಯ ದಿನ ಬೆಳಗ್ಗೆ ಅವರ ಮನೆಗೆ ಹೋದೆ. ಗಿರಣಿಯವರ ಸಾಲುಮನೆ. ಹಿಂದೆ ಅಡುಗೆಮನೆ, ನಡುವೆ ಒಂದು ಕೋಣೆ, ಮುಂದೆ ಒಂದು ಕೋಣೆ, ನೇರವಾಗಿ ನಡೆದರೆ ಬೀದಿಯ ಬಾಗಿಲು. ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ ಸರಿಸಿ ಲ್ಯಾಪ್‌ಟಾಪನ್ನೂ ಅಂಗಡಿಯಿಂದ ತಂದ ದೊಡ್ಡ ಸ್ಪೀಕರುಗಳನ್ನೂ ಇಟ್ಟೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟು ಹಾಕಿಕೊಂಡು ಬಂದು ನಿಂತರು. ಮನೆಯೊಳಗೆ ಬೂಟೇ ಎಂದು ಅತ್ತೆ ರೇಗುತ್ತಾರೆಂದು ಕಾದೆ. ಅವರು ಮಾವನ ಕಾಲರು ಸರಿಮಾಡಿದರು.

ಮಾವ ನಮಗೆ ಬೆನ್ನು ಹಾಕಿ, ಬೀದಿಯ ಬಾಗಿಲ ಕಡೆ ಮುಖ ಮಾಡಿ ನಿಂತು, “ಹಾಕು,” ಎಂದರು.

ಹಾಕಿದೆ. ಡ್ರಮ್ಮು ಕುಂಟುತ್ತಾ ಹೊರಟಿತು, ಕಾರ್ನೆಟ್ಟುಗಳು ಒಂದರ ಹೆಗಲಿಗೆ ಒಂದು ತಾಗಿಕೊಂಡು ಬಂದವು, ದೊಡ್ಡ ತುತ್ತೂರಿಗೆ ಕಟ್ಟೆಯ ಮೇಲಿನ ಲೋಟಗಳು ನಡುಗಿದವು. ಆಮೇಲೆ ಎಲ್ಲರ ಮೇಲೆ ಕ್ಲಾರಿನೆಟ್ಟು ಎದ್ದಿತು. ಮಾವ ಈಗ ಹೆಜ್ಜೆ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ನೋಡಿದೆ. ಅವರು ಕಲ್ಲಿನಂತೆ ನಿಂತಿದ್ದರು. ಬೆರಳುಗಳು ಮಾತ್ರ ತೊಡೆಯ ಮೇಲೆ ಸ್ವರ ಹಿಡಿಯುತ್ತಿದ್ದವು.

“ನಿಲ್ಸು ಮರಿ,” ಎಂದರು. ನಿಲ್ಲಿಸಿದೆ. ತಿರುಗಿ ನೋಡಿದ ಮುಖದಲ್ಲಿ ಖುಷಿಯಿರಲಿಲ್ಲ, ದಾರಿ ತಪ್ಪಿದವರ ಗಾಬರಿಯಿತ್ತು.

“ಯಾರು ಹೋಗ್ತಿರೋದು?” ಎಂದು ಕೇಳಿದರು.

“ನೀವೇ ಮಾವ.”

“ನಾನು ಹಿಂದೆ ಊದ್ತಾ ಇದೀನಲ್ಲ. ನಾನು ಊದ್ತಾ ಇದ್ರೆ ಹೋಗ್ತಿರೋದು ಬೇರೆ ಯಾರೋ.”

ನನಗೆ ಅರ್ಥವಾಗಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಬಿಡಿಸಿ ಹೇಳಿದರು. ಬ್ಯಾಂಡಿನವರೇ ಒಬ್ಬರು ನಿವೃತ್ತರಾದರೆ ಅವರ ಪಾಲನ್ನು ಅಂದು ಬೇರೆ ಯಾರೂ ತುಂಬುವಂತಿರಲಿಲ್ಲ. ಅಣ್ಣ ಹೋದ ದಿನ ತಮ್ಮ ತನ್ನ ಪಾಲನ್ನಷ್ಟೇ ಊದಿದ. ಮಾಸ್ತರು ನಿವೃತ್ತರಾದ ದಿನ ಮುಂದಿನ ಸ್ವರವನ್ನು ಎತ್ತಿಕೊಡುವವರೇ ಇರಲಿಲ್ಲ, ಡ್ರಮ್ಮು ಒಂದೇ ಸ್ವಲ್ಪ ಹೊತ್ತು ನಡೆಯಿತು. ನಡೆಯುವ ಸಾಲಿನಲ್ಲೂ ಅವರ ಜಾಗವನ್ನು ಹಾಗೇ ಬಿಡುತ್ತಿದ್ದರು, ಯಾರೂ ಒತ್ತರಿಸಿಕೊಂಡು ಬರುತ್ತಿರಲಿಲ್ಲ. ಖಾತೆಗಳ ಒಳಗೆ ಕೆಲಸದಲ್ಲಿದ್ದವರು ಕಿಟಕಿಗೆ ಬಂದು ನೋಡಬೇಕಾಗಿರಲಿಲ್ಲ. ಯಾವ ದನಿ ಕೇಳಿಸುತ್ತಿಲ್ಲವೋ ಅವರು ಹೊರಟರು ಎಂದು ಕೂತಲ್ಲೇ ತಿಳಿಯುತ್ತಿತ್ತು.

“ಅದಕ್ಕೇ ಹತ್ತು ಅಂದಿದ್ದು,” ಎಂದರು ಮಾವ. “ನಾನಿಲ್ಲ ಅಂತ ಗೊತ್ತಾಗ್ಬೇಕು ಮರಿ. ಅದೇ ನನ್ನ ಬ್ಯಾಂಡು.”

ಕೈ ತಾನಾಗಿಯೇ ಕ್ಲಾರಿನೆಟ್ಟಿನ ಸಾಲಿನ ಮೇಲೆ ಹೋಯಿತು. “ಹಾಗಾದ್ರೆ ತೆಗೆದ್ಬಿಡ್ತೀನಿ ಮಾವ. ಈಗ ಹತ್ತೇ ಜನ.”

“ತಡಿ, ತಡಿ. ತೆಗೆದ್ರೆ ಜಾಗ ಏನಾಗುತ್ತೆ?”

“ಖಾಲಿ ಆಗುತ್ತೆ. ಬೇರೆ ಏನಾದ್ರೂ ಬಂದು ತುಂಬ್ಕೊಳ್ಳುತ್ತೆ.”

ಮಾವ ತಲೆಯಾಡಿಸಿದರು. “ತೆಗೀಬೇಡ. ಸಾಲಲ್ಲಿ ಜಾಗ ಇರ್ಬೇಕು. ಬಾಯಿ ಮಾತ್ರ ಮುಚ್ಸೋಕಾಗುತ್ತಾ?”

ಆಗುತ್ತದೆ. ಸಾಲಿನ ಪಕ್ಕದಲ್ಲೇ ಅದಕ್ಕೊಂದು ಸಣ್ಣ ಗುಂಡಿಯಿದೆ. ಒತ್ತಿದರೆ ವಾದ್ಯ ಮೆಮೊರಿಯಲ್ಲಿ ತನ್ನ ಜಾಗ ಹಿಡಿದುಕೊಂಡೇ ಇರುತ್ತದೆ, ಎಲ್ಲರ ಜೊತೆಗೆ ತನ್ನ ಸ್ವರಗಳ ಮೇಲೆ ಸಾಗುತ್ತಲೂ ಇರುತ್ತದೆ, ದನಿ ಮಾತ್ರ ಬರುವುದಿಲ್ಲ. ಹಾಗೆಂದು ಹೇಳಿದೆ.

“ಹಾಗಾದ್ರೆ ಹನ್ನೊಂದೇ ಸರಿ,” ಎಂದು ಮಾವ ಎದ್ದರು. ಅಂಗಿಯ ಸುಕ್ಕು ಎಳೆದುಕೊಂಡು ಮತ್ತೆ ಬಾಗಿಲ ಕಡೆ ತಿರುಗಿ ನಿಂತರು.

ಗುಂಡಿ ಒತ್ತಿ ಮೊದಲಿನಿಂದ ಹಾಕಿದೆ. ಡ್ರಮ್ಮು ಬಂತು, ಕಾರ್ನೆಟ್ಟು ಬಂತು, ತುತ್ತೂರಿ ಬಂತು. ಕ್ಲಾರಿನೆಟ್ಟು ಏಳಬೇಕಾದ ಜಾಗ ಬಂದಾಗ ಕಾರ್ನೆಟ್ಟುಗಳು ಅದಕ್ಕೆ ದಾರಿಬಿಟ್ಟು ಸುಮ್ಮನಾದವು. ಯಾರೂ ಏಳಲಿಲ್ಲ. ಕೆಳಗೆ ತುತ್ತೂರಿಯ ಗುಂಯ್ ದನಿ, ಡ್ರಮ್ಮಿನ ಒಂದು ನೆಟ್ಟಗಿನ ಪೆಟ್ಟು, ಒಂದು ತಡವಾದ ಪೆಟ್ಟು. ನಡುವೆ ಒಬ್ಬ ಮನುಷ್ಯನ ಅಗಲದ ಖಾಲಿ. ಸ್ವಲ್ಪ ಹೊತ್ತಿನ ಮುಂಚೆ ಆ ಜಾಗದಲ್ಲಿ ಏನಿತ್ತೆಂದು ಕೇಳಿದ್ದ ನನಗೆ ಅದಿಲ್ಲದ್ದು ಎದೆಗೆ ಬಂದು ಬಡಿಯಿತು. ಆ ಖಾಲಿಯಲ್ಲಿ ಮಾವನ ಬೂಟಿನ ಸದ್ದು ಕೇಳಿಸಿತು. ಮಾವ ನಡೆಯಲು ಶುರುಮಾಡಿದ್ದರು.

ಅಡುಗೆಮನೆ ದಾಟಿದರು. ನಡುಕೋಣೆ ದಾಟಿದರು. ಅವಸರವಿಲ್ಲ, ಹಿಂದೆ ತಿರುಗಿ ನೋಡಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನಿದೆ? ಅತ್ತೆಯನ್ನು ಕರೆಯೋಣವೆಂದು ಪಕ್ಕಕ್ಕೆ ನೋಡಿದರೆ ಅವರು ಅಲ್ಲಿರಲಿಲ್ಲ.

ಬೀದಿಯ ಬಾಗಿಲು ಪೂರ್ತಿ ತೆರೆದಿತ್ತು. ಅತ್ತೆ ಯಾವಾಗಲೋ ಹಿತ್ತಲಿನಿಂದ ಸುತ್ತಿ ಹೋಗಿ, ಬಾಗಿಲಿನ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಮಾವ ಹೊಸ್ತಿಲ ಹತ್ತಿರ ಬಂದು ಅವರನ್ನು ಕಂಡು ತಡೆದು ನಿಂತರು.

“ಇಷ್ಟು ಹೊತ್ತಾ ಬರೋದು?” ಎಂದರು ಅತ್ತೆ. “ಅವತ್ತು ದೊಡ್ಡ ಗೇಟಿನ ಹತ್ರ ಕತ್ತಲಾಗೋವರೆಗೂ ಕಾದೆ.”

ಒಳಗೆ ಬ್ಯಾಂಡು ನುಡಿಯುತ್ತಲೇ ಇತ್ತು. ಮಾವ ಅತ್ತೆಯ ಮುಖವನ್ನೇ ನೋಡಿದರು.

“ನೀನು ಬಂದಿದ್ಯಾ?”

“ಬರದೆ?”

ಮಾವ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. “ಬಂದೆ ಕಣೇ,” ಎಂದು ಹೊಸ್ತಿಲು ದಾಟಿದರು.